ಕೆಟ್ಟಿದ್ದು ಎಂಜಿನ್ ಅಲ್ಲ, ಪೆಟ್ರೋಲ್

ಮಾನ್ಯ ಸಂಪಾದಕರೇ,

ಕಳೆ ಕತ್ತರಿಸುವ ಯಂತ್ರ, ಔಷಧಿ ಹೊಡೆಯುವ ಪಂಪು, ಸಣ್ಣ ಜನರೇಟರ್. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಇವನ್ನು ಹೊರಗೆ ತಂದು ಹಗ್ಗ ಎಳೆದರೆ ಶುರುವಾಗುವುದಿಲ್ಲ. ತೋಳು ಸೋಲುವ ತನಕ ಎಳೆದು, ಕೊನೆಗೆ ‘ಎಂಜಿನ್ ಹೋಯಿತು’ ಎಂದು ಗುಜರಿಗೆ ಹಾಕುವವರನ್ನು ಕಂಡು ಬೇಸರವಾಗಿ ಈ ಪತ್ರ ಬರೆಯುತ್ತಿದ್ದೇನೆ. ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ. ಮನೆಯ ಸಣ್ಣ ಎಂಜಿನ್‌ಗಳನ್ನು ನಾನೇ ಬಿಚ್ಚಿ ಜೋಡಿಸುತ್ತೇನೆ, ಪರಿಚಯದವರು ತಂದರೆ ಅವರದ್ದನ್ನೂ ನೋಡಿಕೊಡುತ್ತೇನೆ. ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಕೆಟ್ಟೇ ಇರಲಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲ್ ಕೆಟ್ಟಿತ್ತು.

ಇಟ್ಟ ಪೆಟ್ರೋಲಿನಲ್ಲಿ ಬೇಗ ಹೊತ್ತಿಕೊಳ್ಳುವ ಹಗುರ ಅಂಶ ಮೊದಲು ಆರಿಹೋಗುತ್ತದೆ. ಉಳಿದದ್ದು ನಿಧಾನಕ್ಕೆ ಅಂಟಾಗಿ, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬೊರೇಟರಿನ ಜೆಟ್‌ನಲ್ಲಿ ಕೂರುತ್ತದೆ. ಆ ಜೆಟ್‌ನ ತೂತು ಒಂದು ಮಿಲಿಮೀಟರಿಗಿಂತ ಸಣ್ಣದು. ಮುಚ್ಚಿಹೋಗಲು ಎಷ್ಟು ಹೊತ್ತು? ಎಥೆನಾಲ್ ಬೆರೆತ ಪೆಟ್ರೋಲಾದರೆ ತೊಂದರೆ ಇನ್ನೂ ಹೆಚ್ಚು. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನೀರು ಮಿತಿ ಮೀರಿದಾಗ ಎರಡೂ ಒಟ್ಟಿಗೆ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಮೊದಲು ಹೋಗುವುದು ತಳದಲ್ಲಿರುವ ಆ ನೀರು ಬೆರೆತ ಎಥೆನಾಲೇ.

ಹಾಗಾಗಿ ಒಂದೆರಡು ತಿಂಗಳು ಮುಟ್ಟುವುದಿಲ್ಲ ಎಂದಾದರೆ ಟ್ಯಾಂಕ್ ಖಾಲಿ ಮಾಡಿ, ಉಳಿದ ಹನಿ ಮುಗಿದು ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಇಡಬೇಕು. ಇಷ್ಟು ಮಾಡಿದರೆ ಮುಂದಿನ ರಿಪೇರಿಯ ಮುಕ್ಕಾಲು ಪಾಲು ತಪ್ಪುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಶುರುವಾಗದ ಎಂಜಿನ್ನಿಗೆ ಮೊದಲು ಹೊಸ ಪೆಟ್ರೋಲ್ ಹಾಕಿ. ಹಗ್ಗ ಎಳೆದ ಮೇಲೆ ಕಿಡಿ ಕೊಡುವ ಪ್ಲಗ್ ಬಿಚ್ಚಿ ನೋಡಿ. ತುದಿ ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ, ಕಾರ್ಬೊರೇಟರ್ ಕಡೆ ಹೋಗಬೇಕು. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ. ಹಾಗಾದರೆ ಕಿಡಿ ಬರುತ್ತಿಲ್ಲ, ಇಲ್ಲವೇ ಚೋಕ್ ಎಳೆದೇ ಎಳೆದು ಪೆಟ್ರೋಲ್ ಜಾಸ್ತಿಯಾಗಿದೆ. ಜೆಟ್ ಹಿತ್ತಾಳೆಯದು, ಅದಕ್ಕೆ ಉಕ್ಕಿನ ತಂತಿ ಚುಚ್ಚಿದರೆ ತೂತು ದೊಡ್ಡದಾಗಿ, ಜೆಟ್ ಬದಲಿಸುವ ತನಕ ಎಂಜಿನ್ ಸರಿಯಾಗಿ ಓಡದು. ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿ ಗಾಳಿ ಊದಿದರೆ ಸಾಕು. ಸ್ಪಂಜಿನ ಏರ್ ಫಿಲ್ಟರನ್ನು ಸೋಪು ನೀರಲ್ಲಿ ತೊಳೆದು, ಒಣಗಿಸಿ, ಚೂರು ಎಣ್ಣೆ ಹಚ್ಚಿ ಹಿಂಡಿ ಹಾಕುವುದು ಯಾರಿಗೂ ಬರುವ ಕೆಲಸ.

ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಬೆರೆಸದ ಪೆಟ್ರೋಲ್ ಹಾಕುವುದು ಮಾತ್ರ ನಿಜಕ್ಕೂ ಅದನ್ನು ಕೊಲ್ಲುತ್ತದೆ, ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಲ್ಲುತ್ತದೆ. ಪೆಟ್ರೋಲಿಗೆ ಎಣ್ಣೆಯ ಅಳತೆ 50:1 ಎಂದು ಬರೆದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆ, 25:1 ಎಂದಿದ್ದರೆ 40. ಕಣ್ಣಂದಾಜು ಬೇಡ, ಅಳತೆಯ ಬಾಟಲಿ ಬಳಸಿ.

ಎರಡು ವಿಷಯದಲ್ಲಿ ಯಾರೂ ಸಡಿಲ ಬಿಡಬಾರದು. ಬ್ಲೇಡಿಗೆ ಕೈ ಹಾಕುವ ಮೊದಲು ಪ್ಲಗ್ಗಿನ ಕ್ಯಾಪ್ ಕಿತ್ತು ದೂರ ಸರಿಸಬೇಕು. ಜನರೇಟರನ್ನು ಮನೆಯೊಳಗಾಗಲಿ, ಬಾಗಿಲು ತೆರೆದಿಟ್ಟ ಶೆಡ್ಡಿನಲ್ಲಾಗಲಿ ಓಡಿಸಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಸಾಯುತ್ತಾರೆ.

ಇನ್ನು ತಯಾರಕರಲ್ಲಿ ಒಂದು ಕೇಳಿಕೆ. ಕೈಪಿಡಿಯನ್ನು ಬಳಸುವವರು ಓದುವ ಭಾಷೆಯಲ್ಲಿ ಕೊಡಿ. ಟ್ಯಾಂಕಿನ ಮೇಲೆ ‘ಪೆಟ್ರೋಲ್ ಉಳಿಸಿ ಇಡಬೇಡಿ’ ಎಂಬ ಒಂದು ಸಾಲು ದೊಡ್ಡ ಅಕ್ಷರದಲ್ಲಿ ಹಾಕಿ. ಬಿರುಸಾದ ಒಂದು ಡಯಾಫ್ರಾಮಿಗಾಗಿ (ಕಾರ್ಬೊರೇಟರಿನೊಳಗಿನ ತೆಳು ಪೊರೆ), ಹರಿದ ಒಂದು ಪ್ಯಾಕಿಂಗಿಗಾಗಿ ಇಡೀ ಕಾರ್ಬೊರೇಟರ್ ಕೊಳ್ಳುವಂತೆ ಮಾಡುವುದು ಅನ್ಯಾಯ. ಬಿಡಿ ಭಾಗ ಬಿಡಿಯಾಗಿಯೇ ಸಿಗಬೇಕು.

ತಮ್ಮ ಪತ್ರಿಕೆಯಲ್ಲಿ ಇಂಥ ರಿಪೇರಿಗೆ ವಾರಕ್ಕೊಮ್ಮೆ ಚಿತ್ರಸಹಿತ ಸ್ವಲ್ಪ ಜಾಗ ಕೊಟ್ಟರೆ ಅನೇಕರಿಗೆ ಉಪಕಾರವಾದೀತು. ಮೊದಲ ವಾರಕ್ಕೆ ಪ್ಲಗ್ ಬಿಚ್ಚಿ ನೋಡುವುದು ಹೇಗೆಂದು ತೋರಿಸಿದರೂ ಸಾಕು.

ಇಂತಿ,
ತಮ್ಮ ಓದುಗ