ಹ್ಯಾಷ್ ತಾಳೆಯಾದರೆ ಫೈಲ್ ಸುರಕ್ಷಿತ ಎಂದಲ್ಲ

ಮಾನ್ಯರೇ,

ಜಪ್ತಿಯಾದ ಕಂಪ್ಯೂಟರಿನ ಫೈಲುಗಳ ಹ್ಯಾಷ್ (ಫೈಲಿನ ಬೆರಳಚ್ಚಿನಂಥ ಗುರುತು) ಪರಿಚಿತ ತಂತ್ರಾಂಶಗಳ ಪಟ್ಟಿಯೊಂದಿಗೆ ತಾಳೆಯಾದರೆ ಅವು ನಿರಪಾಯಕಾರಿ, ತಾಳೆಯಾಗದಿದ್ದರೆ ಅನುಮಾನಾಸ್ಪದ ಎಂದು ಸೈಬರ್ ಅಪರಾಧದ ಬಗ್ಗೆ ಬರೆಯುವವರು ಹಲವರು ತಿಳಿದಿದ್ದಾರೆ. ಎರಡೂ ತಪ್ಪು.

ಫೈಲಿನ ಅಷ್ಟೂ ಬೈಟುಗಳಿಂದ ಲೆಕ್ಕ ಹಾಕಿ ಪಡೆಯುವ ನಿಗದಿತ ಉದ್ದದ ಮೌಲ್ಯವೇ ಹ್ಯಾಷ್. ಎಸ್‌ಎಚ್‌ಎ-256 ಎಂಬ ಲೆಕ್ಕದ ವಿಧಾನದಲ್ಲಿ ಅದು 256 ಬಿಟ್. ಬರೆದರೆ 64 ಅಂಕಿ-ಅಕ್ಷರ. ಹೆಸರು ಬದಲಿಸಿದರೆ ಹ್ಯಾಷ್ ಬದಲಾಗದು. ಒಳಗಿನ ಒಂದೇ ಬಿಟ್ ತಿದ್ದಿದರೂ ಗುರುತು ಸಿಗದಷ್ಟು ಬದಲಾಗುತ್ತದೆ. ಅಮೆರಿಕದ ಮಾನದಂಡ ಸಂಸ್ಥೆಯಾದ ಎನ್‌ಐಎಸ್‌ಟಿಯ ಎನ್‌ಎಸ್‌ಆರ್‌ಎಲ್ ವಿಭಾಗವು ತಂತ್ರಾಂಶಗಳ ಮೂಲ ಪ್ರತಿಗಳನ್ನು ಸಂಗ್ರಹಿಸಿ, ಅವುಗಳ ಫೈಲುಗಳ ಹ್ಯಾಷ್ ಪಟ್ಟಿಯನ್ನು ಪ್ರಕಟಿಸುತ್ತದೆ. ಒಂದೊಂದು ಡಿಸ್ಕಿನಲ್ಲೂ ಲಕ್ಷಗಟ್ಟಲೆ ಫೈಲುಗಳಿರುವಾಗ, ಈ ಪಟ್ಟಿಗೆ ತಾಳೆಯಾದವನ್ನು ಬದಿಗಿಟ್ಟರೆ ಬಳಕೆದಾರರೇ ಸೃಷ್ಟಿಸಿದ ಫೈಲುಗಳನ್ನು ಬೇಗ ತಲುಪಬಹುದು.

ಆದರೆ ಅದು ‘ಪರಿಚಿತ’ ಫೈಲುಗಳ ಪಟ್ಟಿಯೇ ಹೊರತು ‘ಒಳ್ಳೆಯ’ ಫೈಲುಗಳದ್ದಲ್ಲ. ಹ್ಯಾಕಿಂಗ್ ಸಾಧನಗಳೂ ಚಿತ್ರದೊಳಗೆ ಸಂದೇಶ ಬಚ್ಚಿಡುವ ತಂತ್ರಾಂಶಗಳೂ ಅದರಲ್ಲಿವೆ. ಮೊದಲು ಅವನ್ನು ಬೇರ್ಪಡಿಸಿ, ಆಮೇಲೆ ಜರಡಿ ಹಿಡಿಯಬೇಕು. ಇಲ್ಲವಾದರೆ ಹುಡುಕುತ್ತಿರುವ ಸಾಧನವೇ ಪರೀಕ್ಷಕರ ಕಣ್ಣಿನಿಂದ ಮರೆಯಾಗುತ್ತದೆ.

ತಾಳೆಯಾಗದಿರುವುದಕ್ಕೂ ಸಾಮಾನ್ಯ ಕಾರಣಗಳೇ ಹೆಚ್ಚು. ಹೊಸ ಅಪ್‌ಡೇಟ್ ಪಟ್ಟಿಗೆ ಇನ್ನೂ ಸೇರಿರುವುದಿಲ್ಲ. ಸೆಟ್ಟಿಂಗ್ಸ್ ಮತ್ತು ಲಾಗ್ ಫೈಲುಗಳು ಯಂತ್ರದಿಂದ ಯಂತ್ರಕ್ಕೆ ಬೇರೆ. ಅಳಿಸಿದ ಫೈಲನ್ನು ಮರಳಿ ಪಡೆದಾಗ ಕೊನೆಯಲ್ಲಿ ಕೆಲವೇ ಬೈಟು ಹೆಚ್ಚಿದ್ದರೂ ಸಾಕು, ಹ್ಯಾಷ್ ಕೂಡುವುದಿಲ್ಲ. ಇನ್ನು ಶೂನ್ಯ ಬೈಟಿನ ಫೈಲುಗಳೆಲ್ಲಕ್ಕೂ ಒಂದೇ ಹ್ಯಾಷ್! ಅವುಗಳ ತಾಳೆಯಿಂದ ಯಾವ ತಂತ್ರಾಂಶವೂ ಪತ್ತೆಯಾಗದು.

ಹಳೆಯ ಹ್ಯಾಷ್ ವಿಧಾನಗಳಾದ ಎಂಡಿ5ರಲ್ಲಿ 2004ರಲ್ಲೇ, ಎಸ್‌ಎಚ್‌ಎ-1ರಲ್ಲಿ 2017ರಲ್ಲಿ, ಎರಡು ಭಿನ್ನ ಫೈಲುಗಳಿಗೆ ಒಂದೇ ಹ್ಯಾಷ್ ಬರುವಂತೆ ಮಾಡಿ ತೋರಿಸಲಾಗಿದೆ. ಹಾಗೆಂದು ಈ ವಿಧಾನಗಳಲ್ಲಿ ತಯಾರಾದ ಹಳೆಯ ಪಟ್ಟಿಗಳನ್ನೆಲ್ಲ ಎಸೆಯಬೇಕಿಲ್ಲ. ಅಲ್ಲಿ ಎರಡೂ ಫೈಲುಗಳನ್ನು ತಯಾರಿಸಿದವರು ಒಬ್ಬರೇ. ಬೇರೆಯವರ ಫೈಲಿನ ಹ್ಯಾಷಿಗೆ ಹೊಂದುವ ಹೊಸ ಫೈಲನ್ನು ರಚಿಸುವುದು ಅದಕ್ಕಿಂತ ಬಹಳ ಕಠಿಣ. ಆದರೂ ಪುರಾವೆಯಾಗಿ ಒಪ್ಪಿಸುವಾಗ ಎಸ್‌ಎಚ್‌ಎ-256 ಇರಲೇಬೇಕು.

ಪರೀಕ್ಷಾ ವರದಿಯಲ್ಲಿ ‘ಹ್ಯಾಷ್ ತಾಳೆಯಾಗಿದೆ’ ಎಂದಷ್ಟೇ ಬರೆದು ಬಿಡಬಾರದು. ಯಾವ ವಿಧಾನ, ಪಟ್ಟಿಯ ಯಾವ ಆವೃತ್ತಿ, ಯಾವ ಬಗೆಯ ಫೈಲುಗಳನ್ನು ಕೈಬಿಡಲಾಯಿತು ಎಂಬುದನ್ನು ನಮೂದಿಸಬೇಕು. ಆಗ ಇನ್ನೊಬ್ಬ ಪರೀಕ್ಷಕರು ಅದೇ ಡಿಸ್ಕ್ ಪ್ರತಿಯ ಮೇಲೆ ಅದೇ ಜರಡಿ ಹಿಡಿದು ನೋಡಬಹುದು.