ಪಾಂಟೂನ್ ಬೋಟಿಗೆ ಒಗ್ಗದ ಫೆಂಡರ್ ಮಾರಿ ವಾರಂಟಿ ನಿರಾಕರಿಸಿದ ಬಗ್ಗೆ ದೂರು

ಇಂದ,
ಪಾಂಟೂನ್ ಬೋಟ್ ಮಾಲೀಕರು,
ಕೋಡಿ ಬೆಂಗ್ರೆ, ಉಡುಪಿ ಜಿಲ್ಲೆ

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಬೋಟ್ ಸಾಮಗ್ರಿ ಮಾರಾಟ ಸಂಸ್ಥೆ

ವಿಷಯ: ಫೆಂಡರ್‌ಗಳ ಹಣ ವಾಪಸ್ ಮತ್ತು ಬೋಟಿನ ರಿಪೇರಿ ಖರ್ಚು ಕೊಡುವ ಬಗ್ಗೆ

ಮಾನ್ಯರೇ,

ನನ್ನ ಪಾಂಟೂನ್ ಬೋಟಿಗೆಂದು ನಿಮ್ಮಲ್ಲಿ ಫೆಂಡರ್ (ಕಟ್ಟೆಗೆ ತಾಗಿದಾಗ ಪೆಟ್ಟಾಗದಂತೆ ಬೋಟಿನ ಬದಿಗೆ ಕಟ್ಟುವ ಮೆತ್ತೆ) ಖರೀದಿಸಿದ್ದೆ. ನಿಮ್ಮ ಫಿಟ್ಟರ್ ಬಂದು ಕಟ್ಟಿಕೊಟ್ಟು ಹೋದರು. ಮಳೆಗಾಲ ಕಳೆದು ಬೋಟ್ ನೀರಿಗಿಳಿಸಿದ ಮೇಲೆ ಮೊದಲ ಹುಣ್ಣಿಮೆಗೇ ಬಲಬದಿಯ ಅಲ್ಯೂಮಿನಿಯಂ ಹಾಳೆ ಒಳಕ್ಕೆ ನುಗ್ಗಿತು. ಮೇಲಿನ ಕಂಬಿಯೂ ಬಾಗಿತು. ವಾರಂಟಿ ಕೇಳಿದ್ದಕ್ಕೆ ನಿಮ್ಮಿಂದ ಬಂದದ್ದು ಒಂದೇ ಸಾಲು: "ಗ್ರಾಹಕರ ತಪ್ಪು ಬಳಕೆ." ಈ ಸಾಲನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಸಾಮಾನ್ಯ ಫೈಬರ್ ದೋಣಿಯ ಮೈ ಮೇಲಿಂದ ಕೆಳಗಿನವರೆಗೆ ಒಂದೇ ಗೋಡೆ. ಎಲ್ಲಿ ಫೆಂಡರ್ ತೂಗಿಬಿಟ್ಟರೂ ಹಿಂದೆ ಗಟ್ಟಿ ಆಸರೆ ಇರುತ್ತದೆ. ಪಾಂಟೂನ್ ಹಾಗಲ್ಲ. ಕೆಳಗೆ ಗಾಳಿ ತುಂಬಿದ ಅಲ್ಯೂಮಿನಿಯಂ ಕೊಳವೆಗಳು, ಅದರ ಮೇಲೆ ಚಪ್ಪಟೆ ಡೆಕ್, ಡೆಕ್ಕಿನ ಸುತ್ತ ಕಂಬಿ, ಕಂಬಿಗಳ ನಡುವೆ ತೆಳು ಹಾಳೆ. ಆ ಹಾಳೆ ಬಿಸ್ಕೆಟ್ ಡಬ್ಬಿಯ ತಗಡಿನಂತೆ, ನೋಡಲು ಚೆಂದ, ತಳ್ಳಿದರೆ ಒಳಗೆ. ಪೆಟ್ಟು ತಾಳುವ ಜಾಗ ಡೆಕ್ಕಿನ ಅಂಚು ಮಾತ್ರ. ಫೆಂಡರ್ ಆ ಅಂಚಿಗೆ ಸರಿಯಾಗಿ ಕೂರಬೇಕು. ಅದಕ್ಕೆಂದೇ ಅಂಚನ್ನು ತಬ್ಬಿ ಕೂರುವ ಎಲ್ ಆಕಾರದ ಫೆಂಡರ್ ಬರುತ್ತದೆ. ದುಂಡನೆಯದ್ದನ್ನೇ ಹಾಕುವುದಾದರೂ ಕೆಳಗಿನ ಕಂಬಿಗೋ ಡೆಕ್ಕಿನ ಕ್ಲೀಟಿಗೋ (ಹಗ್ಗ ಕಟ್ಟುವ ಗೂಟ) ಕಟ್ಟಬೇಕು, ಅದೂ ನಿಲುಗಂಬದ ಪಕ್ಕದಲ್ಲಿ. ಇದು ಬೋಟ್ ಸಾಮಾನು ಮಾರುವವರಿಗೆ ಗೊತ್ತಿರಬೇಕಾದ ವಿಷಯ, ಅಲ್ವಾ?

ನಿಮ್ಮ ಫಿಟ್ಟರ್ ಮಾಡಿದ್ದೇನು? ಫೈಬರ್ ದೋಣಿಗೆ ಹಾಕುವ ದುಂಡನೆಯ ಗಾಳಿ ಫೆಂಡರ್‌ಗಳನ್ನು ಮೇಲಿನ ಕಂಬಿಗೆ, ಎರಡು ನಿಲುಗಂಬಗಳ ಸರೀ ನಡುವೆ ತೂಗಿಬಿಟ್ಟರು. ಕೆಳಗೆ ಕಟ್ಟಬಾರದಾ ಎಂದು ನಾನು ಕೇಳಿದೆ. "ಹೀಗೇ ಕಟ್ಟುವುದು" ಎಂದರು. ಕೆಲಸ ಮುಗಿಸಿ ಚಹಾ ಕುಡಿದು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಪಾಂಟೂನ್ ಬಗ್ಗೆ ಯಾರೂ ಅವರಿಗೆ ಹೇಳಿಕೊಟ್ಟಿಲ್ಲ ಅನಿಸುತ್ತದೆ.

ಇನ್ನು ನಮ್ಮ ನೀರಿನ ವಿಷಯ. ಇದು ಕೆರೆಯಲ್ಲ, ಅಳಿವೆ. ದಿನಕ್ಕೆರಡು ಸಲ ನೀರು ಏರಿ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಬಂದರೆ ಒಂದು ಮೀಟರಿಗಿಂತ ಜಾಸ್ತಿ ವ್ಯತ್ಯಾಸ. ನನ್ನ ಧಕ್ಕೆ, ಅಂದರೆ ಬೋಟ್ ನಿಲ್ಲಿಸುವ ಕಟ್ಟೆ, ಕಾಂಕ್ರೀಟಿನದ್ದು, ಅದು ನೀರಿನ ಜೊತೆ ಏರಿಳಿಯುವುದಿಲ್ಲ. ಉಬ್ಬರದಲ್ಲಿ ಡೆಕ್ಕಿನ ಅಂಚು ಧಕ್ಕೆಯ ಮಟ್ಟಕ್ಕೆ ಬರುತ್ತದೆ. ಇಳಿತದಲ್ಲಿ ಅಂಚು ಕೆಳಗೆ ಹೋಗಿ, ಧಕ್ಕೆಯ ಮೂಲೆ ನೇರ ಆ ತೆಳು ಹಾಳೆಗೆ ಎದುರಾಗುತ್ತದೆ. ಆಗ ನಿಮ್ಮ ಫೆಂಡರ್ ಮೂಲೆಗೂ ಹಾಳೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಹಂಗಾರಕಟ್ಟೆ ಕಡೆಯ ಬಾರ್ಜ್ ದಾಟುವಾಗ, ಮೀನಿನ ಬೋಟುಗಳು ಹೋಗುವಾಗ ಅಲೆ ಏಳುತ್ತದೆ. ಒಂದೊಂದು ಅಲೆಗೂ ಬೋಟಿನ ಪೂರ್ತಿ ಭಾರ ಫೆಂಡರಿನ ಮೂಲಕ ಹಾಳೆಯ ಮೇಲೆಯೇ ಬೀಳುತ್ತದೆ. ಅಂದರೆ ರಕ್ಷಣೆಗೆ ಹಾಕಿದ್ದೇ ಗುದ್ದುವ ಸಾಧನವಾಯಿತು. ಹಗ್ಗ ಎಳೆದ ರಭಸಕ್ಕೆ ಕಂಬಿ ಬಾಗಿದ್ದು ಬೇರೆ.

ಬೋಟ್ ಎಲ್ಲಿ ನಿಲ್ಲುತ್ತದೆ, ಧಕ್ಕೆ ತೇಲುವಂಥದ್ದೋ ಕಾಂಕ್ರೀಟೋ, ನೀರು ಎಷ್ಟು ಏರಿಳಿಯುತ್ತದೆ, ಇದ್ಯಾವುದನ್ನೂ ನಿಮ್ಮವರು ಕೇಳಲಿಲ್ಲ. ಬೋಟ್ ಎಷ್ಟು ಅಡಿ ಉದ್ದ ಎಂದು ಮಾತ್ರ ಕೇಳಿದರು. ಕೇಳಿದ್ದರೆ ಉತ್ತರ ಸುಲಭವಿತ್ತು. ಇಂಥ ಜಾಗದಲ್ಲಿ ಬೋಟಿಗೆ ಕಟ್ಟುವುದರ ಜೊತೆಗೆ ಧಕ್ಕೆಯ ಮುಖಕ್ಕೂ ಮೇಲಿಂದ ಕೆಳಗೆ ಉದ್ದನೆಯ ಬಂಪರ್ ಬಡಿಯಬೇಕು, ನೀರು ಯಾವ ಮಟ್ಟದಲ್ಲಿದ್ದರೂ ಅಂಚಿಗೆ ಅದು ಸಿಗುವಂತೆ.

ನಿಮ್ಮ ಕಚೇರಿಗೆ ಫೋನ್ ಮಾಡಿದಾಗ ಒಬ್ಬರು "ಟಯರ್ ಕಟ್ಟಿ ಸಾರ್, ಮಲ್ಪೆಯಲ್ಲಿ ಎಲ್ಲರೂ ಅದನ್ನೇ ಕಟ್ಟುವುದು" ಎಂದರು. ಮಲ್ಪೆಯ ಮೀನಿನ ಬೋಟಿಗೆ ಟಯರ್ ಸರಿ, ಅದರ ಮೈ ಅಷ್ಟು ಗಟ್ಟಿ. ನನ್ನದು ಪ್ರವಾಸಿಗರನ್ನು ಕೂರಿಸಿ ಹಿನ್ನೀರು ತೋರಿಸುವ ಬೋಟ್. ಟಯರಿನ ಕಪ್ಪು ಕಲೆ ಹಾಳೆಗೆ ಹತ್ತಿದರೆ ಸುಲಭವಾಗಿ ಹೋಗುವುದಿಲ್ಲ, ಹಳೇ ಟಯರಿನಿಂದ ತಂತಿ ಹೊರಬಂದರೆ ಅಲ್ಯೂಮಿನಿಯಂ ಗೀರುತ್ತದೆ. ಟಯರ್ ಕಟ್ಟುವುದೇ ಆಗಿದ್ದರೆ ನಿಮ್ಮಲ್ಲಿಗೆ ಯಾಕೆ ಬರಬೇಕಿತ್ತು?

ಸೇರಿಸಲೇಬೇಕಾದ ಇನ್ನೊಂದು ಸಂಗತಿ. ನೀವು ಕೊಟ್ಟ ಸ್ಟೀಲ್ ಕ್ಲಿಪ್ ಅಲ್ಯೂಮಿನಿಯಂ ಕಂಬಿಗೆ ನೇರವಾಗಿ ತಾಗುತ್ತಿತ್ತು, ನಡುವೆ ರಬ್ಬರ್ ಪಟ್ಟಿ ಇರಲಿಲ್ಲ. ಉಪ್ಪುನೀರಿನಲ್ಲಿ ಈ ಎರಡು ಲೋಹ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಕ್ಲಿಪ್ ತೆಗೆದ ಜಾಗದಲ್ಲಿ ಬಿಳಿ ಪುಡಿ ಕೂತಿದೆ, ಫೋಟೋ ನೋಡಿ.

ನಿಮ್ಮ ವಾರಂಟಿ ಕಾರ್ಡಿನಲ್ಲಿ "ಸರಿಯಾಗಿ ಜೋಡಿಸದಿದ್ದರೆ ವಾರಂಟಿ ಇಲ್ಲ" ಎಂದಿದೆ. ಜೋಡಿಸಿದ್ದು ನೀವು. ಬಿಲ್ಲಿನಲ್ಲಿ ಜೋಡಣೆ ಶುಲ್ಕವೂ ಇದೆ, ನಾನು ಕೊಟ್ಟಿದ್ದೇನೆ. ಹಾಗಾದರೆ ತಪ್ಪು ಬಳಕೆ ಮಾಡಿದ್ದು ಯಾರು?

ನನಗೆ ಬೇಕಾದದ್ದು ಇಷ್ಟು. ಫೆಂಡರ್ ಮತ್ತು ಜೋಡಣೆಯ ಪೂರ್ತಿ ಹಣ ವಾಪಸ್ ಕೊಡಿ. ಬಾಗಿದ ಕಂಬಿ, ಹಾಳೆ ಬದಲಿಸುವ ಖರ್ಚು ಭರಿಸಿ. ವರ್ಕ್‌ಶಾಪಿನ ಅಂದಾಜು ಪಟ್ಟಿ ಜೊತೆಗಿದೆ. ಸೀಸನ್ ಶುರುವಿನಲ್ಲಿ ಬೋಟ್ ಕಟ್ಟಿಹಾಕಿ ಆದ ನಷ್ಟವನ್ನು ಸದ್ಯಕ್ಕೆ ಕೇಳುತ್ತಿಲ್ಲ. ನೀವು ಮರ್ಯಾದೆಯಿಂದ ಮಾತಾಡಿದರೆ ಮುಂದೆಯೂ ಕೇಳುವುದಿಲ್ಲ.

ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರಲಿ. ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಉಡುಪಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡುತ್ತೇನೆ. ವ್ಯಾಪಾರದ ಬೋಟ್, ನೀವು ಗ್ರಾಹಕರೇ ಅಲ್ಲ ಎಂದು ನಿಮ್ಮ ವಕೀಲರು ಹೇಳಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವಿಗೆ ಆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಬೋಟ್ ಓಡಿಸುವುದೂ ನಾನೇ, ಟಿಕೆಟ್ ಹರಿಯುವುದೂ ನಾನೇ. ನೀವು ಯಾವ ಊರಿನವರಾದರೂ ನಾನಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷದೊಳಗಿನ ಖರೀದಿಗೆ ಶುಲ್ಕವೂ ಇಲ್ಲ.

ಬೋಟ್ ನೋಡಲು ಯಾರನ್ನಾದರೂ ಕಳಿಸುವುದಾದರೆ ಖಂಡಿತ ಕಳಿಸಿ. ಆದರೆ ಇಳಿತದ ಹೊತ್ತಿಗೇ ಬರಲಿ. ಉಬ್ಬರದಲ್ಲಿ ಬಂದರೆ ಎಲ್ಲ ಸರಿಯಾಗಿಯೇ ಇದೆ ಎಂದು ಬರೆದುಕೊಂಡು ಹೋಗುತ್ತಾರೆ. ಬರುವ ಹಿಂದಿನ ದಿನ ಫೋನ್ ಮಾಡಿದರೆ ಹೊತ್ತು ನೋಡಿ ಹೇಳುತ್ತೇನೆ.

ಇಂತಿ,
ಬೋಟ್ ಮಾಲೀಕ

ಲಗತ್ತು: ಬಿಲ್ ಮತ್ತು ವಾರಂಟಿ ಕಾರ್ಡಿನ ಪ್ರತಿ, ನಿಮ್ಮ ಉತ್ತರದ ಪ್ರತಿ, ವರ್ಕ್‌ಶಾಪ್ ಅಂದಾಜು ಪಟ್ಟಿ, ಉಬ್ಬರ ಮತ್ತು ಇಳಿತದಲ್ಲಿ ತೆಗೆದ ಫೋಟೋಗಳು