ನಮ್ಮೂರ ದಾಖಲೆಯಲ್ಲಿ ಉಪ್ಪಾಗೆ ಇದೆ, ಡಬ್ಬಿ ಮೆಣಸಿನಕಾಯಿ ಇಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ನೋಡಿದೆ. ಬ್ಯಾಡಗಿ ಮೆಣಸಿನಕಾಯಿಗೂ ಕಂಪನಿಗಳು ಪೇಟೆಂಟ್ ಮಾಡಿಸಿಕೊಳ್ಳುತ್ತವೆ, ಆಮೇಲೆ ನಮ್ಮ ಬೀಜ ನಾವು ಬಿತ್ತಿದರೂ ಕೋರ್ಟು ಹತ್ತಬೇಕಾಗುತ್ತದೆ ಅಂತ ಅವರ ಆತಂಕ. ನಮ್ಮ ಸಂಘದ ವಾಟ್ಸಾಪ್ ಗ್ರೂಪಿನಲ್ಲೂ ಇದೇ ಸುದ್ದಿ ಮೂರು ಸಲ ಸುತ್ತಿತು. ಹೆದರಿಕೆ ಸುಳ್ಳಲ್ಲ. ಆದರೆ ನಾವೆಲ್ಲ ಮುಂಬಾಗಿಲು ಕಾಯುತ್ತಿದ್ದೇವೆ, ಹಿತ್ತಲ ಬಾಗಿಲು ಹಾರು ಹೊಡೆದಿದೆ. ಮನೆಯ ಹಳೇ ಬೀಜ ಯಾವ ದಾಖಲೆಯೂ ಇಲ್ಲದೇ ಹೊರಗೆ ಹೋಗುತ್ತಿದೆ. ಆ ಬಾಗಿಲು ತೆಗೆದಿಟ್ಟವರಲ್ಲಿ ನಾನೂ ಒಬ್ಬಳು. ಅದನ್ನೇ ಹೇಳೋಣ ಅಂತ ಈ ಪತ್ರ.

ನಾನು ರಾಣೆಬೆನ್ನೂರು ತಾಲೂಕಿನವಳು. ಎರಡೂವರೆ ಎಕರೆ ಹೊಲ. 26 ವರ್ಷದಿಂದ ಕಂಪನಿಗಳಿಗೆ ಬೀಜದ ಪ್ಲಾಟ್ ಮಾಡುತ್ತೇವೆ. ನಮ್ಮ ಕಡೆಯವರಿಗೆ ಕ್ರಾಸಿಂಗ್ ಅಂದರೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯ ಓದುಗರಿಗೆ ಸ್ವಲ್ಪ ಹೇಳುತ್ತೇನೆ. ಎರಡು ತಳಿ ಕೂಡಿಸಿ ಹೈಬ್ರಿಡ್ ಬೀಜ ಮಾಡುವ ಕೆಲಸ ಅದು. ಸಂಜೆ ನಾಲ್ಕರ ಹೊತ್ತಿಗೆ ಬೆಂಡಿಯ ಹೆಣ್ಣು ಸಾಲಿಗೆ ಇಳಿಯುತ್ತೇವೆ. ನಾಳೆ ಅರಳುವ ಮೊಗ್ಗು ಯಾವುದು ಅಂತ ನೋಡಿದರೇ ಗೊತ್ತಾಗುತ್ತದೆ. ಹೆಬ್ಬೆರಳಿನ ಉಗುರಿನಿಂದ ಮೊಗ್ಗಿನ ಬುಡದ ಸುತ್ತ ಗೀರಿ, ಕುಂಚಿಗೆ ಕಳಚಿದ ಹಾಗೆ ಮೇಲಿನದನ್ನು ಕಳಚಬೇಕು. ಗಂಡು ಪುಡಿ ಒಂದು ಚೂರೂ ಉಳಿಯಬಾರದು, ನಡುವಿನ ಕಡ್ಡಿಗೆ ಪೆಟ್ಟಾಗಬಾರದು. ಗುರುತಿಗೆ ಮೇಲೊಂದು ಕೆಂಪು ಕಾಗದ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ಕಿತ್ತು ತಂದು ಆ ಕಡ್ಡಿಯ ತುದಿಗೆ ಮೆಲ್ಲಗೆ ಒರೆಸಬೇಕು. ಕೆಲಸ ಮುಗಿದ ಮೇಲೆ ಗಂಡು ಗಿಡ ಅಷ್ಟೂ ಕಿತ್ತು ಹಾಕಿಸುತ್ತಾರೆ. ಸೂಪರ್‌ವೈಸರ್ ನಿಂತು ಎಣಿಸುತ್ತಾನೆ. ಒಂದು ಕಾಳು ಬೀಜ ಮನೆಯಲ್ಲಿ ಉಳಿಸಿಕೊಳ್ಳುವ ಹಾಗಿಲ್ಲ. ಸಂಪಾದಕರೇ, ಈ ಕಾರಣಕ್ಕೇ ನನ್ನ ಹೆಸರು ಹಾಕಬೇಡಿ. ಮುಂದಿನ ವರ್ಷವೂ ಪ್ಲಾಟ್ ಬೇಕಲ್ವಾ?

ಈ ಕೆಲಸ ನನಗೆ ನಮ್ಮವ್ವನಿಂದ ಬಂದದ್ದು. ಅವಳು ವರಲಕ್ಷ್ಮಿ ಹತ್ತಿಯ ಕ್ರಾಸಿಂಗಿಗೆ ಕೂಲಿ ಹೋಗುತ್ತಿದ್ದಳು. ಆ ತಳಿ ನಮ್ಮ ಧಾರವಾಡದ್ದೇ. 1972ರಲ್ಲಿ ಬಂತು, ಮಾಡಿದವರು ಡಾ. ಕಟರ್ಕಿ. ಆಮೇಲೆ 1981ರಲ್ಲಿ ಡಿಸಿಎಚ್-32 ಅನ್ನುವ ಇನ್ನೊಂದು ಹೈಬ್ರಿಡ್ ಹತ್ತಿ ಬಂತು. ಅವ್ವನಿಗೆ ವಿಜ್ಞಾನಿ ಹೆಸರು ಗೊತ್ತಿರಲಿಲ್ಲ, ಆದರೆ ಮೊಗ್ಗು ನೋಡಿದರೆ ನಾಳೆ ಅರಳುತ್ತೋ ನಾಡಿದ್ದೋ ಅಂತ ದೂರದಿಂದಲೇ ಹೇಳುತ್ತಿದ್ದಳು.

ಈಗ ಪೇಟೆಂಟ್ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಹುಬ್ಬಳ್ಳಿಯಲ್ಲಿ ಎಲ್‌ಎಲ್‌ಬಿ ಓದುತ್ತಾಳೆ. ದೀಪಾವಳಿಗೆ ಬಂದಾಗ ಕೂರಿಸಿಕೊಂಡು ಕಾಯ್ದೆ ಓದಿಸಿದೆ. ನಮ್ಮ ದೇಶದ ಪೇಟೆಂಟ್ ಕಾಯ್ದೆಯ 3(ಜೆ) ಕಲಮಿನಲ್ಲಿ ಸ್ಪಷ್ಟವಾಗಿದೆ: ಗಿಡ, ಪ್ರಾಣಿ, ಅವುಗಳ ಭಾಗ, ಬೀಜ, ತಳಿ ಯಾವುದಕ್ಕೂ ಪೇಟೆಂಟ್ ಇಲ್ಲ. ಗಿಡಕ್ಕೆ ಗಿಡ ಕೂಡಿಸುವಂಥ ಸಹಜ ವಿಧಾನಕ್ಕೂ ಇಲ್ಲ. ‘ಅವ್ವಾ, ನೀ ಉಗುರಿನಿಂದ ಮಾಡೂ ಕೆಲಸಕ್ಕೂ ಪೇಟೆಂಟ್ ಸಿಗೂದಿಲ್ಲ’ ಅಂದಳು ಮಗಳು. ‘ಕೂಲಿನೂ ಸರಿಯಾಗಿ ಸಿಗೂದಿಲ್ಲವ್ವಾ’ ಅಂದೆ.

ಸೂಕ್ಷ್ಮಜೀವಿಗಳಿಗೆ ಮಾತ್ರ ಆ ಕಲಮಿನಲ್ಲಿ ವಿನಾಯಿತಿ ಇದೆ, ಅವಕ್ಕೆ ಪೇಟೆಂಟ್ ಸಿಗಬಹುದು. ಈ ದಾರಿ ತೆರೆದದ್ದು ಅಮೆರಿಕದಲ್ಲಿ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಮಾಡಿದ ಆನಂದಮೋಹನ ಚಕ್ರವರ್ತಿ ಅನ್ನುವ, ನಮ್ಮ ದೇಶದಲ್ಲಿ ಹುಟ್ಟಿದ ವಿಜ್ಞಾನಿಯ ಪರವಾಗಿ 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 5-4ರಲ್ಲಿ ತೀರ್ಪು ಕೊಟ್ಟಿತು. ಹಾಗಾದರೆ ನಮ್ಮ ಮೊಸರಿನ ಹೆಪ್ಪು ಯಾರಾದರೂ ಹೊತ್ತೊಯ್ದರೆ ಅಂತ ನಾನು ಕೇಳಿದೆ. ಪ್ರಕೃತಿಯಲ್ಲಿ ಇರುವುದನ್ನು ‘ನಾನು ಕಂಡುಹಿಡಿದೆ’ ಅಂದರೆ ನಡೆಯುವುದಿಲ್ಲವಂತೆ, ಅದಕ್ಕೆ ಬೇರೆ ಕಲಮು. ಹೆಪ್ಪು ಉಳಿಯಿತು.

ಪೂರ್ತಿ ನಿಶ್ಚಿಂತೆಯೂ ಇಲ್ಲ. ಬೀಜದೊಳಗೆ ಹೊರಗಿನಿಂದ ಸೇರಿಸಿದ ಜೀನ್ ಇದ್ದರೆ ಏನು ಅನ್ನುವುದು ತಂಟೆಯ ಪ್ರಶ್ನೆ. ಅಂಥ ಜೀನ್ ಇರುವ ಬಿಟಿ ಹತ್ತಿಯ ಪೇಟೆಂಟ್ 2018ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಬಿತ್ತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮತ್ತೆ ವಿಚಾರಣೆ ಮಾಡಿ ಅಂತ ವಾಪಸ್ ಕಳಿಸಿತು, 2021ರಲ್ಲಿ ಕಂಪನಿಗಳು ತಮ್ಮತಮ್ಮಲ್ಲೇ ರಾಜಿಯಾದವು. ಗೆರೆ ಎಲ್ಲಿ ಅನ್ನುವುದು ಇತ್ಯರ್ಥ ಆಗದೇ ಉಳಿಯಿತು. ಪೇಟೆಂಟ್ ಅಲ್ಲದೇ ತಳಿ ನೋಂದಣಿಯ ಇನ್ನೊಂದು ಕಾಯ್ದೆ ಇದೆ, 2001ರದ್ದು. ಗುಜರಾತಿನ ಆಲೂಗಡ್ಡೆ ರೈತರ ಮೇಲೆ 2019ರಲ್ಲಿ ಪೆಪ್ಸಿಕೋ ಕೇಸು ಹಾಕಿದ್ದು ಇದರ ಅಡಿಯಲ್ಲೇ. ಕೆಲವರಿಂದ ತಲಾ ಒಂದು ಕೋಟಿಗೂ ಜಾಸ್ತಿ ಪರಿಹಾರ ಕೇಳಿದ್ದರು. ಗದ್ದಲ ಎದ್ದ ಮೇಲೆ ಮೇ ತಿಂಗಳಲ್ಲಿ ಕೇಸು ವಾಪಸ್ ಪಡೆದರು. ಆದರೆ ಅದೇ ಕಾಯ್ದೆಯ 39ನೇ ಕಲಮಿನಲ್ಲಿ ರೈತ ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ಕೊಡು-ಕೊಳ್ಳಬಹುದು, ಮಾರಲೂಬಹುದು ಅಂತ ಇದೆ. ಬ್ರ್ಯಾಂಡಿನ ಚೀಟಿ ಅಂಟಿಸಿ ಮಾತ್ರ ಮಾರಬಾರದು.

ಇಷ್ಟಿದ್ದರೂ ಊರಲ್ಲಿ ಬೀಜ ಇಡುವವರು ಯಾಕಿಲ್ಲ? ಒಂದು ವರ್ಷ ನಾನು ಹೈಬ್ರಿಡ್ ಮೆಣಸಿನಕಾಯಿಯ ಬೀಜವನ್ನೇ ತೆಗೆದಿಟ್ಟು ಮರು ವರ್ಷ ಅಗಿ ಹಾಕಿದ್ದೆ. ಒಂದು ಗಿಡದಲ್ಲಿ ಉದ್ದ, ಒಂದರಲ್ಲಿ ಗಿಡ್ಡ, ಇನ್ನೊಂದರಲ್ಲಿ ಆಕಾಶ ನೋಡುವ ಕಾಯಿ. ಮಾರ್ಕೆಟ್ಟಿಗೆ ಒಯ್ದರೆ ದಲಾಲರು ಮುಷ್ಟಿಯಲ್ಲಿ ಹಿಡಿದು ನಕ್ಕರು. ಕಾನೂನು ಬೇಡ ಅನ್ನಲಿಲ್ಲ, ಗಿಡವೇ ಬೇಡ ಅಂತು. ಬೀಗ ಬೀಜದೊಳಗೇ ಇರುವಾಗ ಕಂಪನಿಗೆ ಪೇಟೆಂಟ್ ಯಾತಕ್ಕೆ ಬೇಕು ಹೇಳಿ. ಬೇಕಾಗಿರುವುದು ಹೊಸ ಹೈಬ್ರಿಡ್ ಕಟ್ಟಲು ನಮ್ಮಂಥವರ ಮನೆಯ ಹಳೇ ಬೀಜ.

ಅದನ್ನು ನಾನು ಕೊಟ್ಟೆ. ನಮ್ಮ ಅತ್ತೆ ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ಬೀಜ ಕಾಪಾಡಿಕೊಂಡು ಬಂದವರು. ಕಡ್ಡಿ ಅಂದರೆ ಸಪೂರ, ಉದ್ದ. ಡಬ್ಬಿ ಗಿಡ್ಡ, ದುಂಡು, ಮೈತುಂಬ ಸುಕ್ಕು. ಎರಡನೇ ಸಲ ಬಿಡಿಸಿದ ಕಾಯಿಯಲ್ಲಿ ಮಾತ್ರ ಬೀಜಕ್ಕೆ ಆರಿಸುತ್ತಾರೆ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಸದ್ದು ಕೇಳುತ್ತಾರೆ. ಸದ್ದು ಒಪ್ಪಿದರೆ ಒಡೆದು, ಬೀಜ ಬೂದಿಗೆ ಹೊಯ್ದು, ಸೋರೆ ಬುರುಡೆಗೆ ಹಾಕಿ ಅಟ್ಟಕ್ಕೆ ಏರಿಸುತ್ತಾರೆ. ಸುತ್ತ ಎಲ್ಲರೂ ಹೈಬ್ರಿಡ್ ಹಾಕಿದ ಮೇಲೆ ಜೇನುಹುಳ ಕಲಬೆರಕೆ ಮಾಡುತ್ತದೆ ಅಂತ ಬೀಜದ ಗಿಡ ಹಿತ್ತಲಿಗೆ ತಂದರು. ಈಗ ಹದಿನೈದೋ ಇಪ್ಪತ್ತೋ ಗಿಡ.

ನಾಲ್ಕು ವರ್ಷದ ಹಿಂದೆ ಬೈಕಿನಲ್ಲಿ ಒಬ್ಬ ಹುಡುಗ ಬಂದ. ‘ಅಕ್ಕಾರ, ನಿಮ್ಮಲ್ಲಿ ಹಳೇ ಡಬ್ಬಿ ಬೀಜ ಐತಂತಲ್ರಿ, ಸ್ವಲ್ಪ ಕೊಡ್ರಿ’ ಅಂದ. ಬೀಜ ಕೇಳಿ ಬಂದವರಿಗೆ ಇಲ್ಲ ಅನ್ನಬಾರದು ಅಂತ ನಮ್ಮಲ್ಲಿ ಪದ್ಧತಿ. ಬುರುಡೆ ಇಳಿಸಿದೆ, ಬೊಗಸೆ ತುಂಬ ಕೊಟ್ಟೆ, ಚಹಾ ಮಾಡಿದೆ. 500 ರೂಪಾಯಿ ಕೊಡಲು ಬಂದ, ಅತ್ತೆ ‘ಬೀಜಕ್ಕ ರೊಕ್ಕ ಬ್ಯಾಡ ತಮ್ಮಾ’ ಅಂದರು. ಕಾಯಿಯ ಫೋಟೊ ತೆಗೆದ. ನಮ್ಮ ಹೆಸರು ಕೇಳಲಿಲ್ಲ, ನಾವೂ ಅವನದು ಕೇಳಲಿಲ್ಲ. ಓದುವ ಹುಡುಗನೋ, ಯಾವುದೋ ಕಂಪನಿಯವನೋ, ಸುಮ್ನೆ ಹಿತ್ತಲಲ್ಲಿ ಹಾಕಿಕೊಳ್ಳುವವನೋ ಇವತ್ತಿಗೂ ಗೊತ್ತಿಲ್ಲ. ಹಿತ್ತಲಿಗೆ ಒಯ್ದಿದ್ದರೆ ಚಲೋ ಆಯಿತು. ವ್ಯಾಪಾರಕ್ಕೆ ಒಯ್ದಿದ್ದರೆ ಅವನು ಮೊದಲು ರಾಜ್ಯದ ಜೀವವೈವಿಧ್ಯ ಮಂಡಳಿಗೆ ತಿಳಿಸಬೇಕಿತ್ತು. ಹಾಗೆ ಒಯ್ಯುವವರಿಂದ ಶುಲ್ಕ ವಸೂಲಿ ಮಾಡುವ ಅಧಿಕಾರವೂ ಊರಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಇದೆ. 2002ರ ಜೀವವೈವಿಧ್ಯ ಕಾಯ್ದೆಯಲ್ಲೇ ಬರೆದಿದೆ.

ನಗಬೇಡಿ, ನಮ್ಮ ಪಂಚಾಯಿತಿಯ ಆ ಸಮಿತಿಯಲ್ಲಿ ನಾನು ಸದಸ್ಯೆ.

ಹೇಗೆ ಆದೆ ಅಂದರೆ, 2019ರ ಚಳಿಗಾಲದಲ್ಲಿ ಒಂದು ಫೋನ್ ಬಂತು. ‘ಅಕ್ಕಾರ, ಸಮಿತಿಗೆ ಹೆಣ್ಮಕ್ಕಳು ಬೇಕು, ಒಂದ ಸಹಿ ಮಾಡ್ರಿ.’ ಪರಿಸರದ ಕೇಸು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶಕ್ಕೆಲ್ಲ ಗಡುವು ಕೊಟ್ಟಿತ್ತು. 2020ರ ಜನವರಿ 31ರೊಳಗೆ ಪ್ರತಿ ಪಂಚಾಯಿತಿಯಲ್ಲೂ ಸಮಿತಿ ಆಗಬೇಕು, ‘ಜನತಾ ಜೀವವೈವಿಧ್ಯ ದಾಖಲಾತಿ’ ಅಂತ ಊರಿನ ಗಿಡ, ಪ್ರಾಣಿ, ಬೆಳೆ ಬರೆದಿಡುವ ಪುಸ್ತಕ ತಯಾರಾಗಬೇಕು, ಇಲ್ಲದಿದ್ದರೆ ರಾಜ್ಯ ತಿಂಗಳಿಗೆ 10 ಲಕ್ಷ ಕಟ್ಟಬೇಕು. ಹೀಗಾಗಿ ಪರೀಕ್ಷೆಯ ಹಿಂದಿನ ರಾತ್ರಿ ಓದುವವರ ಹಾಗೆ ಎಲ್ಲ ಕಡೆ ಓಡಾಟ. ನಾನು ಸಹಿ ಮಾಡಿದ ಹಾಳೆಯಲ್ಲಿ ಏನಿತ್ತು ಅಂತ ಅವತ್ತು ಓದಲಿಲ್ಲ.

ಆ ಪುಸ್ತಕವನ್ನು ಈ ವರ್ಷ ಮಗಳು ಒತ್ತಾಯ ಮಾಡಿದ ಮೇಲೆ ಕೇಳಿ ನೋಡಿದೆ. ಚೆಂದದ ಹೊದಿಕೆ. ಒಳಗೆ ಮರಗಳ ಪಟ್ಟಿಯಲ್ಲಿ ಉಪ್ಪಾಗೆ ಇದೆ, ರಾಮಪತ್ರೆ ಇದೆ. ನಮ್ಮೂರಲ್ಲಿ ಜಾಲಿ, ಬೇವು ಬಿಟ್ಟರೆ ನೆರಳಿಗೂ ಗತಿ ಇಲ್ಲ. ಉಪ್ಪಾಗೆ ಶಿರಸಿ ಕಡೆಯ ಮರ. ಆ ಕಡೆಯ ಯಾವುದೋ ಪಂಚಾಯಿತಿಯ ಹಾಳೆ ಹಾಗೇ ಇಳಿಸಿದಂತಿದೆ. ಕೃಷ್ಣಮೃಗ ಇಲ್ಲ! ಪಕ್ಕದಲ್ಲೇ 1974ರಿಂದ ಅಭಯಾರಣ್ಯ ಇದೆ, ನಮ್ಮ ಹೊಲದ ಚಿಗುರು ರಾತ್ರಿ ಅವೇ ಮೇಯುತ್ತವೆ. ಪುಸ್ತಕದವರಿಗೆ ಮಾತ್ರ ಕಾಣಲಿಲ್ಲ. ಬೆಳೆಗಳ ಪುಟದಲ್ಲಿ ‘ಮೆಣಸಿನಕಾಯಿ – ಇದೆ’. ಅಷ್ಟೇ. ಡಬ್ಬಿ ಇಲ್ಲ, ಕಡ್ಡಿ ಇಲ್ಲ, ಯಾರ ಮನೆಯಲ್ಲಿದೆ ಅನ್ನುವುದಿಲ್ಲ. ಕೊನೆಯ ಪುಟದಲ್ಲಿ ನನ್ನ ಸಹಿ ಇದೆ.

ಪುಸ್ತಕದಲ್ಲಿದ್ದರೆ ಏನಾಗುತ್ತದೆ ಅಂತ ಕೇಳಬಹುದು. ಅರಿಶಿನದ ಕತೆ ನೆನಪಿದೆಯಲ್ಲ. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಅರಿಶಿನದಿಂದ ಗಾಯ ಮಾಯುವುದಕ್ಕೆ ಪೇಟೆಂಟ್ ಸಿಕ್ಕಿತ್ತು. ನಮ್ಮ ಸರ್ಕಾರದ ವಿಜ್ಞಾನ ಸಂಶೋಧನೆಯ ಸಿಎಸ್‌ಐಆರ್ ಸಂಸ್ಥೆ ಅದನ್ನು ಪ್ರಶ್ನೆ ಮಾಡಿತು, ಆಗ ಮಶೇಲ್ಕರ್ ಅದರ ಮುಖ್ಯಸ್ಥರು. ಬೇರೆ ದೇಶದ ಅಜ್ಜಿಯಂದಿರು ಹಚ್ಚುತ್ತಿದ್ದರು ಅನ್ನುವ ಬಾಯಿಮಾತು ಅಮೆರಿಕದ ಅಂದಿನ ಕಾನೂನಿಗೆ ಲೆಕ್ಕಕ್ಕಿಲ್ಲ, ಅಚ್ಚಾದ ಕಾಗದ ಬೇಕು. ಇವರು ಹಳೇ ಸಂಸ್ಕೃತ ಗ್ರಂಥಗಳನ್ನೂ ಸೇರಿಸಿ 32 ದಾಖಲೆ ಕೊಟ್ಟರು. 1997ರಲ್ಲಿ ಪೇಟೆಂಟ್ ರದ್ದಾಯಿತು. ನಮ್ಮ ಅತ್ತೆ ಕಿವಿಯ ಹತ್ತಿರ ಕಾಯಿ ಅಲ್ಲಾಡಿಸುವುದು ಯಾವ ಗ್ರಂಥದಲ್ಲಿದೆ?

ನಮ್ಮ ಹತ್ತಿರದ್ದೇ ಇನ್ನೊಂದು ಇದೆ. ಬಿಟಿ ಬದನೆ ಮಾಡುವಾಗ ಮಲಾಪುರ, ಕುಡಚಿಯ ಬದನೆ, ಉಡುಪಿಯ ಗುಳ್ಳ ಇಂಥ ನಾಟಿ ತಳಿಗಳನ್ನು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಇಲ್ಲದೇ ಬಳಸಿದರು ಅನ್ನುವ ಆರೋಪ 2010ರಲ್ಲಿ ಎದ್ದಿತು. 2012ರಲ್ಲಿ ಅದು ಧಾರವಾಡದ ಕೋರ್ಟಿಗೇ ಬಂತು. ಜೀವವೈವಿಧ್ಯ ಕಾಯ್ದೆಯಲ್ಲಿ ಆಗ 5 ವರ್ಷದವರೆಗೆ ಜೈಲು ಇತ್ತು. 2023ರ ತಿದ್ದುಪಡಿಯಲ್ಲಿ ಜೈಲು ತೆಗೆದು 1 ಲಕ್ಷದಿಂದ 50 ಲಕ್ಷದವರೆಗೆ ದಂಡ ಅಂತ ಮಾಡಿದರು. ದೊಡ್ಡವರಿಗೆ ದಂಡ ಅಂದರೆ ಖರ್ಚಿನ ಬಾಬ್ತು. ನನಗಂತೂ ಈ ತಿದ್ದುಪಡಿ ಸರಿ ಕಾಣಲಿಲ್ಲ.

ಬ್ಯಾಡಗಿಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಸರ್ಕಾರಿ ಗುರುತು, ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. 2011ರಿಂದ ಇದೆ, ಒಳ್ಳೆಯದೇ. ಆದರೆ ಅದು ಕಾಯುವುದು ಹೆಸರನ್ನು. ಬೇರೆ ಊರಿನ ಕಾಯಿಗೆ ಬ್ಯಾಡಗಿ ಅಂತ ಚೀಟಿ ಹಚ್ಚಬಾರದು, ಅಷ್ಟೇ. ಬುರುಡೆಯಲ್ಲಿರುವ ಬೀಜ ಎಲ್ಲಿಗೆ ಹೋಯಿತು ಅಂತ ಅದು ಕೇಳುವುದಿಲ್ಲ.

ಎಲ್ಲ ಬರೆದಿಟ್ಟರೆ ಕಳ್ಳನಿಗೆ ನಾವೇ ದಾರಿ ತೋರಿಸಿದಂತಲ್ಲವಾ ಅಂತ ನಮ್ಮ ಮನೆಯವರ ತಕರಾರು. ಅದೂ ನಿಜ. ಗುಟ್ಟಿನ ಮದ್ದು, ಅಪರೂಪದ ಗಿಡ ಇರುವ ಜಾಗ ಇವನ್ನು ಯಾರು ಕೇಳಿದರೂ ತೆಗೆದು ತೋರಿಸಬಾರದು. ಆದರೆ ಬೀಜ ಈಗಾಗಲೇ ಬೊಗಸೆ ತುಂಬ ಹೊರಗೆ ಹೋಗಿದೆ. ಬರೆಯದೇ ಇದ್ದದ್ದರಿಂದ ಉಳಿದದ್ದೇನು?

ಅದಕ್ಕೆ ನಾನು ತಳಿ ನೋಂದಣಿಯ ಅರ್ಜಿ ತರಿಸಿದೆ. ‘ರೈತರ ತಳಿ’ ಅಂತ ನೋಂದಾಯಿಸಲು ಶುಲ್ಕ ಇಲ್ಲ. ಮೊದಲು ಅತ್ತೆಯ ಹೆಸರು ಬರೆದೆ. ಅವರೇ ಹೊಡೆದು ಹಾಕಿಸಿದರು. ‘ಇದು ನಂದಲ್ಲವ್ವಾ, ನನ್ನ ತವರಿನ ನೆರೆಮನೆಯಾಕಿ ಕೊಟ್ಟದ್ದು, ಆಕಿಗೆ ಮತ್ಯಾರೋ’ ಅಂದರು. ರೈತರ ಗುಂಪಿನ ಹೆಸರಲ್ಲೂ ಅರ್ಜಿ ಹಾಕಬಹುದಂತೆ, ಹಾಗೇ ಬರೆದಿದ್ದೇವೆ. ಎತ್ತರ, ಎಲೆ, ಕಾಯಿಯ ಅಳತೆ ಎಲ್ಲ ಮಗಳು ಟೇಪು ಹಿಡಿದು ತುಂಬಿದ್ದಾಳೆ. ಬಾಕಿ ಇರುವುದು ಒಂದು ದೃಢೀಕರಣದ ಸಹಿ. ಜಿಲ್ಲಾ ಕೃಷಿ ಅಧಿಕಾರಿ ಹಾಕಬಹುದು, ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕರು ಹಾಕಬಹುದು, ಇಲ್ಲವೇ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯ ಅಧ್ಯಕ್ಷರು ಅಥವಾ ಕಾರ್ಯದರ್ಶಿ ಹಾಕಬಹುದು. ಹಾವೇರಿಗೆ ಬಸ್ಸು ಹತ್ತಿದರೆ ಒಂದು ದಿನದ ಕೆಲಸ. ಆದರೂ ನನಗೆ ನಮ್ಮ ಸಮಿತಿಯ ಸಹಿಯೇ ಬೇಕು. ಆ ನೆವದಲ್ಲಾದರೂ ಅದು ಒಮ್ಮೆ ಸೇರಲಿ, ಉಪ್ಪಾಗೆಗೆ ಕಾಟು ಹೊಡೆದು ಡಬ್ಬಿ ಬರೆಯಲಿ.

ಪಂಚಾಯಿತಿಯವರು ನಿಮ್ಮ ಪತ್ರಿಕೆ ದಿನಾ ತರಿಸುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸಭೆ ಕರೆಯಿರಿ, ಬುರುಡೆ ನಾನು ತರುತ್ತೇನೆ, ಅತ್ತೆಯನ್ನೂ ಕರೆತರುತ್ತೇನೆ. ಬೆಳಿಗ್ಗೆ ಮಾತ್ರ ಬೇಡ, ಕ್ರಾಸಿಂಗ್ ಇರುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಮೂರರೊಳಗೆ ಯಾವ ದಿನ ಆದರೂ ನಡೆಯುತ್ತದೆ.

ಇಂತಿ,
ಜೀವವೈವಿಧ್ಯ ಸಮಿತಿಯ ಒಬ್ಬ ಸದಸ್ಯೆ
ರಾಣೆಬೆನ್ನೂರು ತಾಲೂಕು, ಹಾವೇರಿ ಜಿಲ್ಲೆ